ನೀರು, ಉಪ್ಪು ಮತ್ತು ನಮ್ಮ ಕಾಯಿಲೆಗಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳು ಅಂತ ಅಧ್ಯಕ್ಷರು ನನ್ನ ಕೈಗೆ ಮೈಕು ಕೊಟ್ಟಿದ್ದಾರೆ. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಡಾಕ್ಟರನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಾಯಿಲೆ ವಿಚಾರ ಮಾತಾಡೋದು ಅಂದ್ರೆ ಹೂವಾಡಗಿತ್ತಿ ಮುಂದೆ ಹೂ ಕಟ್ಟೋಕೆ ಕೂತ ಹಾಗೆ. ಆದರೂ ಒಪ್ಪಿಕೊಂಡೆ. ಯಾಕಂದ್ರೆ ಹೋದ ಎರಡು ಬೇಸಿಗೆಯಲ್ಲಿ ನಮ್ಮ ಮನೆತನದ ಇಬ್ಬರು ಸಾವಿನ ಬಾಗಿಲ ತನಕ ಹೋಗಿ ವಾಪಸು ಬಂದರು. ಇಬ್ಬರಿಗೂ ಹೊಸ ಕಾಯಿಲೆ ಅಂತ ದೊಡ್ಡದೇನೂ ಬಂದಿರಲಿಲ್ಲ. ಒಬ್ಬರಿಗೆ ಎಳನೀರು ಮುಳುವಾಯಿತು, ಇನ್ನೊಬ್ಬರಿಗೆ ಬರೀ ನೀರು. ಹೇಳಿದರೆ ನಗ್ತೀರಿ, ಆದರೆ ಆಸ್ಪತ್ರೆಯ ವರಾಂಡದಲ್ಲಿ ರಾತ್ರಿಯೆಲ್ಲ ಕೂತವರಿಗೆ ನಗು ಬರೋದಿಲ್ಲ. ಅಲ್ಲಿ ಡಾಕ್ಟರುಗಳು ನಮಗೆ ಬಿಡಿಸಿ ಹೇಳಿದ್ದನ್ನ ನಾನು ನಿಮಗೆ ದಾಟಿಸ್ತಾ ಇದ್ದೀನಿ. ಎಲ್ಲಾದರೂ ತಪ್ಪಿದರೆ ಡಾಕ್ಟರ್ ಸಾಹೇಬರು ಇಲ್ಲೇ ಇದ್ದಾರೆ, ಕಿವಿ ಹಿಂಡಲಿ.

ನಮ್ಮ ಸಂಘ ಶುರುವಾದಾಗ ಸಕ್ಕರೆ ಕಾಯಿಲೆ ಅನ್ನೋದು ಪಟ್ಟಣದವರ ಕಾಯಿಲೆ ಅಂತಿದ್ದೆವು. ಈಗ ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತರೆ ಮಾತು ಏನು? "ನಿಂದು ಊಟಕ್ಕೆ ಮುಂಚೆ ಎಷ್ಟು ಬಂತು? ಊಟ ಆದಮೇಲೆ ಎಷ್ಟು?" ಫ್ಯಾಟು, ಎಸ್.ಎನ್.ಎಫ್. ಕೇಳೋದಕ್ಕಿಂತ ಜೋರಾಗಿ ಶುಗರ್ ಲೆಕ್ಕ ಕೇಳ್ತೀವಿ. ಅದೂ ಒಂದೇ ಕಾಯಿಲೆ ಆಗಿದ್ದರೆ ಹೇಗೋ ಆಗ್ತಿತ್ತು. ಶುಗರ್ ಇದ್ದವರಿಗೆ ಬಿ.ಪಿ., ಬಿ.ಪಿ. ಹಳೇದಾದರೆ ಕಿಡ್ನಿ, ಅದರ ಹಿಂದೆ ಹಾರ್ಟು. ಒಂದೇ ಮೈಯಲ್ಲಿ ಮೂರು ನಾಲ್ಕು ಬಾಡಿಗೆದಾರರು. ಶುಗರಿಗೆ ತಾಲ್ಲೂಕಿನ ಡಾಕ್ಟರು, ಹಾರ್ಟಿಗೆ ಬೆಂಗಳೂರು, ಮಂಡಿನೋವಿಗೆ ಬಸ್‌ಸ್ಟ್ಯಾಂಡಿನ ಮೆಡಿಕಲ್ ಸ್ಟೋರು. ಒಬ್ಬರು ನೀರು ಜಾಸ್ತಿ ಕುಡೀರಿ ಅಂತಾರೆ, ಇನ್ನೊಬ್ಬರು ಒಂದೂವರೆ ಲೀಟರು ದಾಟಬೇಡಿ ಅಂತಾರೆ. ಇಬ್ಬರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯೇ. ನಡುವೆ ಒದ್ದಾಡೋದು ನಾವು.

ಮೊದಲು ಈ ಉಪ್ಪಿನ ವಿಚಾರ ಹೇಳ್ತೀನಿ. ಡಾಕ್ಟರು ಎಲೆಕ್ಟ್ರೋಲೈಟ್ಸ್ ಅಂತಾರಲ್ಲ, ಅದು ಬೇರೇನೂ ಅಲ್ಲ, ನಮ್ಮ ರಕ್ತದಲ್ಲಿ ಕರಗಿರೋ ಉಪ್ಪುಗಳು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇತ್ಯಾದಿ. ಹೆಸರು ಕೇಳಿ ಹೆದರಬೇಡಿ, ನಿಮಗೆ ಇದು ಆಗಲೇ ಗೊತ್ತು. ಹಾಲು ಚೆನ್ನಾಗಿ ಕೊಡೋ ಹಸು ಕರು ಹಾಕಿದ ಮಾರನೇ ದಿನ ಇದ್ದಕ್ಕಿದ್ದಂಗೆ ಮಲಗಿಬಿಡ್ತದೆ. ಕತ್ತು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ, ಎಬ್ಬಿಸಿದರೂ ಏಳೋದಿಲ್ಲ. ಹಾಲುಜ್ವರ ಅಂತೀವಿ, ಜ್ವರ ಮಾತ್ರ ಇರೋದಿಲ್ಲ. ರಕ್ತದ ಕ್ಯಾಲ್ಸಿಯಂ ಅಷ್ಟೂ ಕೆಚ್ಚಲಿಗೆ ಇಳಿದು ಹೋಗಿರ್ತದೆ. ನಮ್ಮ ಪಶುವೈದ್ಯರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟ್ಲಿ ಹಾಕ್ತಾರೆ, ಸ್ವಲ್ಪ ಹೊತ್ತಿಗೆ ಹಸು ಮೈ ಕೊಡವಿ ಎದ್ದು ನಿಲ್ಲುತ್ತೆ. ಪವಾಡ ನೋಡಿದಂಗೆ ಇರ್ತದೆ. ಆದರೆ ಅವರು ಬಾಟ್ಲಿ ಹಾಕುವಾಗ ಒಂದು ಕೈಯಲ್ಲಿ ಹಸುವಿನ ಎದೆ ಬಡಿತ ನೋಡ್ತಾ ನಿಧಾನಕ್ಕೆ ಬಿಡ್ತಾರೆ, ಗಮನಿಸಿದ್ದೀರಾ? ಬೇಗ ಬಿಟ್ಟರೆ ಅದೇ ಕ್ಯಾಲ್ಸಿಯಂ ಎದೆ ನಿಲ್ಲಿಸ್ತದೆ. ಕಡಿಮೆಯಾದರೂ ಆಗೋದಿಲ್ಲ, ಹೆಚ್ಚಾದರೂ ಆಗೋದಿಲ್ಲ. ನಮ್ಮ ಮೈಯಲ್ಲೂ ಅಷ್ಟೇ. ರಕ್ತದ ಸೋಡಿಯಂ 135ರಿಂದ 145ರೊಳಗೆ, ಪೊಟ್ಯಾಸಿಯಂ ಸುಮಾರು 3.5ರಿಂದ 5ರೊಳಗೆ ಇರಬೇಕು. ಆಸ್ಪತ್ರೆಯ ರಿಪೋರ್ಟಿನಲ್ಲಿ ಈ ಎರಡು ಸಾಲು ಇರ್ತವೆ, ಇನ್ನು ಮುಂದೆ ಅದನ್ನೂ ನೋಡಿ. ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕೋದು, ಕಡಿಮೆಯಾದರೆ ಹಿಡಿದಿಟ್ಟುಕೊಳ್ಳೋದು, ಈ ಕೆಲಸವನ್ನು ಕಿಡ್ನಿ ಹಗಲೂ ರಾತ್ರಿ ಮಾಡ್ತದೆ. ಕಿಡ್ನಿ ಗಟ್ಟಿ ಇದ್ದವರು ಏನು ತಿಂದರೂ ಕುಡಿದರೂ ನಡೀತದೆ. ಕಿಡ್ನಿ ಸೋತವರಿಗೆ ಲೆಕ್ಕ ಬೇಕು.

ಈಗ ನಮ್ಮ ಚಿಕ್ಕಪ್ಪನ ಸಂಗತಿ. ಅವರಿಗೆ ಇಪ್ಪತ್ತು ವರ್ಷದಿಂದ ಶುಗರ್, ಅದರ ಜೊತೆ ಬಿ.ಪಿ. ಕ್ರಿಯಾಟಿನಿನ್ ಸ್ವಲ್ಪ ಏರಿದೆ, ಕಿಡ್ನಿ ಜೋಪಾನ ಅಂತ ಡಾಕ್ಟರು ಹೇಳಿದ್ದರು. ಬಿ.ಪಿ.ಗೆ ಟೆಲ್ಮಿಸಾರ್ಟನ್ ಅನ್ನೋ ಮಾತ್ರೆ ನುಂಗ್ತಿದ್ದರು. ಏಪ್ರಿಲ್ ತಿಂಗಳು, ಬೆಂಗಳೂರಲ್ಲಿ ಮದುವೆ ಊಟ ಮಾಡಿ ಬಂದವರಿಗೆ ವಾಂತಿ ಭೇದಿ ಹತ್ತಿಕೊಂಡಿತು. ಮನೇಲೇ ತೆಂಗಿನ ತೋಟ ಐತಲ್ಲ, ಮಕ್ಕಳು ಪ್ರೀತಿಯಿಂದ ದಿನಕ್ಕೆ ಐದು ಆರು ಎಳನೀರು ಕೆತ್ತಿಕೊಟ್ಟರು. ಎಳನೀರು ತಂಪು, ಎಳನೀರಿಗಿಂತ ಔಷಧಿ ಇಲ್ಲ ಅಂತ ನಾವೆಲ್ಲ ಅನ್ನೋದೇ. ಮೂರನೇ ದಿನ ಸಂಜೆ ಹೊತ್ತಿಗೆ ಕಾಲಲ್ಲಿ ತ್ರಾಣ ಇಲ್ಲ, ಎದೆ ಬಡಿತ ನಿಧಾನ, ಮೂತ್ರ ಬೆಳಗಿನಿಂದ ಆಗಿಲ್ಲ. 108 ಕರೆಸಿದೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ನೋಡಿದವರೇ ಜಿಲ್ಲೆಗೆ ಓಡಿಸಿದರು. ಪೊಟ್ಯಾಸಿಯಂ 7 ದಾಟಿತ್ತು. ಅಲ್ಲಿ ಮೊದಲು ಚುಚ್ಚಿದ್ದು ಏನು ಗೊತ್ತಾ? ಕ್ಯಾಲ್ಸಿಯಂ. ಎದೆ ನಿಂತು ಹೋಗದ ಹಾಗೆ ತಡೆಯೋಕೆ. ಆಮೇಲೆ ಇನ್ಸುಲಿನ್ನು, ಗ್ಲೂಕೋಸು, ಕೊನೆಗೆ ಡಯಾಲಿಸಿಸ್. ನಾಲ್ಕನೇ ದಿನಕ್ಕೆ ಚಿಕ್ಕಪ್ಪ ಕಣ್ಣು ಬಿಟ್ಟು "ಹಸು ಕರೆದವರು ಯಾರು?" ಅಂದರು. ಆಗ ನಮಗೆ ಜೀವ ಬಂತು.

ಎಳನೀರನ್ನ ನಾನು ದೂರ್ತಾ ಇಲ್ಲ, ನಾನೂ ತೆಂಗು ಬೆಳೆಯೋನೇ. ಆರೋಗ್ಯವಾಗಿರೋ ಆಳು ಬಿಸಿಲಲ್ಲಿ ದುಡಿದು ಬಂದು ಒಂದು ಎಳನೀರು ಕುಡಿದರೆ ಅದಕ್ಕಿಂತ ಒಳ್ಳೇದಿಲ್ಲ. ಆದರೆ ಒಂದು ದೊಡ್ಡ ಎಳನೀರಿನಲ್ಲಿ ಐನೂರು ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರ್ತದೆ, ಸೋಡಿಯಂ ಇರೋದು ಸ್ವಲ್ಪ. ವಾಂತಿ ಭೇದಿಯಲ್ಲಿ ನಮ್ಮ ಮೈಯಿಂದ ಹೆಚ್ಚಾಗಿ ಹೋಗಿರೋದು ನೀರು ಮತ್ತು ಸೋಡಿಯಂ. ನೀರು ಹೋಗಿ ಕಿಡ್ನಿ ಒಣಗಿ ಕೂತಿದೆ, ಪೊಟ್ಯಾಸಿಯಂ ಹೊರಗೆ ಹಾಕೋ ಶಕ್ತಿ ಅದಕ್ಕಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್ ಜಾತಿಯ ಮಾತ್ರೆಗಳೂ ಪೊಟ್ಯಾಸಿಯಂ ಹಿಡಿದಿಡ್ತವೆ. ಅದರ ಮೇಲೆ ಎಳನೀರು ಹೊಯ್ದರೆ ಕಾಲುವೆ ಕಟ್ಟಿಕೊಂಡ ಗದ್ದೆಗೆ ಮತ್ತೆ ಮತ್ತೆ ನೀರು ಬಿಟ್ಟ ಹಾಗೆ. ಕಿಡ್ನಿ ತೊಂದರೆ ಇದೆ ಅಂತ ಡಾಕ್ಟರು ಹೇಳಿದ್ದರೆ ಎಳನೀರು, ಬಾಳೆಹಣ್ಣು, ಕಿತ್ತಳೆ ರಸ ಎಷ್ಟು ಅಂತ ಕೇಳದೆ ಮುಟ್ಟಬೇಡಿ. ಇನ್ನೊಂದು, ಅಂಗಡೀಲಿ ಬಿ.ಪಿ.ಯವರಿಗೆ ಅಂತ ಸೋಡಿಯಂ ಕಡಿಮೆ ಇರೋ ಉಪ್ಪು ಮಾರ್ತಾರೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಬೆರೆಸಿರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಅಂಥ ಉಪ್ಪು ಒಳ್ಳೇದು ಅಂತ ಹೇಳಿತು, ಆದರೆ ಕಿಡ್ನಿ ತೊಂದರೆ ಇರೋರನ್ನ ಆ ಮಾತಿನಿಂದ ಹೊರಗಿಟ್ಟೇ ಹೇಳಿತು. ಬಿ.ಪಿ. ಒಂದೇ ಇದ್ದವರಿಗೆ ಒಳ್ಳೇದಾದದ್ದು ಬಿ.ಪಿ. ಜೊತೆ ಕಿಡ್ನಿ ಕೆಟ್ಟವರಿಗೆ ಅಪಾಯ.

ಹಾಗಾದರೆ ಭೇದಿ ಆದಾಗ ಏನು ಕುಡೀಬೇಕು? ಓ.ಆರ್.ಎಸ್. ಪುಡಿ. ಇದರ ಕಥೆ ನಮ್ಮ ದೇಶದ್ದೇ, ಹೇಳಲೇಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಗಡಿ ದಾಟಿ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಸಾಯ್ತಾ ಇದ್ದರು. ನರಕ್ಕೆ ಹಾಕೋ ಬಾಟ್ಲಿಗಳು ಮುಗಿದು ಹೋದವು. ದಿಲೀಪ್ ಮಹಲಾನಬಿಸ್ ಅನ್ನೋ ಡಾಕ್ಟರು ಗ್ಲೂಕೋಸು, ಅಡುಗೆ ಉಪ್ಪು, ಅಡುಗೆ ಸೋಡಾ ಅಳತೆ ಪ್ರಕಾರ ಪೊಟ್ಟಣ ಕಟ್ಟಿಸಿ, ನೀರಲ್ಲಿ ಕಲಸಿ ಮನೆಯವರ ಕೈಲೇ ಕುಡಿಸೋ ಏರ್ಪಾಟು ಮಾಡಿದರು. ನೂರಕ್ಕೆ ಮೂವತ್ತರಂತೆ ಸಾಯ್ತಿದ್ದವರ ಸಂಖ್ಯೆ ನೂರಕ್ಕೆ ನಾಲ್ಕಕ್ಕೂ ಕೆಳಗೆ ಬಂತು. ಕರುಳಿನಲ್ಲಿ ಗ್ಲೂಕೋಸು ಉಪ್ಪಿನ ಕೈ ಹಿಡಿದು ಒಳಗೆ ಎಳಕೊಳ್ತದೆ, ಉಪ್ಪಿನ ಹಿಂದೆ ನೀರು ಹೋಗ್ತದೆ. ಅಷ್ಟೇ ಗುಟ್ಟು. ಅವರು 2022ರಲ್ಲಿ ತೀರಿಹೋದರು, 2023ರಲ್ಲಿ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಬದುಕಿದ್ದಾಗಲೇ ಕೊಡಬಹುದಿತ್ತು ಅಂತ ನನ್ನ ಅಭಿಪ್ರಾಯ.

ಈಗಿನ ಪುಡಿಯಲ್ಲಿ ಒಂದು ಲೀಟರಿಗೆ ಗ್ಲೂಕೋಸು 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು 1.5 ಗ್ರಾಂ, ಸಿಟ್ರೇಟು 2.9 ಗ್ರಾಂ ಇರ್ತದೆ. ಪೊಟ್ಟಣದ ಮೇಲೆ ಒಂದು ಲೀಟರಿಗೆ ಅಂತ ಬರೆದಿದ್ದರೆ ಕಾಯಿಸಿ ಆರಿಸಿದ ಪೂರ್ತಿ ಒಂದು ಲೀಟರು ನೀರಿಗೆ ಪೂರ್ತಿ ಪೊಟ್ಟಣ. ಲೋಟಕ್ಕೆ ಒಂದು ಚಿಟಿಕೆ ಅಂತ ಉದುರಿಸಬೇಡಿ. ಮೇಲೆ ಸಕ್ಕರೆ ಹಾಕಬೇಡಿ. ಒಂದು ದಿನ ಆದಮೇಲೆ ಉಳಿದಿದ್ದನ್ನ ಚೆಲ್ಲಿ. ನಮ್ಮ ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಕ್ತದೆ. ಪೆಟ್ಟಿಗೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಬರೋ ಬಣ್ಣದ ಸಿಹಿ ಪಾನಕ ಬೇರೆ, ಇದು ಬೇರೆ. ಆ ಪಾನಕಗಳ ಮೇಲೂ ಓ.ಆರ್.ಎಸ್. ಅಂತ ಅಚ್ಚು ಹಾಕಿ ಮಾರ್ತಿದ್ದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಹೈದರಾಬಾದಿನ ಮಕ್ಕಳ ಡಾಕ್ಟರಮ್ಮ ಒಬ್ಬರು ವರ್ಷಗಟ್ಟಲೆ ಹೋರಾಡಿದ ಫಲ ಅದು.

ಶುಗರ್ ಇರೋರು ಕೇಳ್ತೀರಿ: ಗ್ಲೂಕೋಸ್ ಇರೋದನ್ನ ನಾವು ಕುಡೀಬಹುದಾ? ಭೇದಿ ಹತ್ತಿಕೊಂಡಾಗ ಕುಡೀಬಹುದು, ಆಗ ನೀರು ಹೋಗೋದೇ ದೊಡ್ಡ ಅಪಾಯ. ಶುಗರ್ ಪರೀಕ್ಷೆ ಮಾತ್ರ ಆಗಾಗ ಮಾಡಿಸ್ತಾ ಇರಬೇಕು. ಸುಸ್ತು ಅಂತ ದಿನಾ ಕುಡಿಯೋ ಶರಬತ್ತಲ್ಲ ಅದು. ಒಂದು ಲೀಟರು ಓ.ಆರ್.ಎಸ್.ನಲ್ಲಿರೋ ಸೋಡಿಯಂ ನಾಲ್ಕು ಗ್ರಾಂ ಉಪ್ಪಿಗೂ ಸ್ವಲ್ಪ ಮೇಲೆ. ಇಡೀ ದಿನಕ್ಕೆ ಐದು ಗ್ರಾಂ ಉಪ್ಪಿನೊಳಗೆ ಇರಬೇಕು ಅಂತ ಲೆಕ್ಕ ಇರುವಾಗ, ಹಾರ್ಟು ಕಿಡ್ನಿ ಕಾಯಿಲೆಯವರು ಎಷ್ಟು ಕುಡೀಬೇಕು ಅಂತ ಡಾಕ್ಟರನ್ನ ಕೇಳಿಯೇ ಕುಡೀಬೇಕು.

ಇನ್ನು ನಮ್ಮ ಸೋದರತ್ತೆ ವಿಚಾರ. ಎಪ್ಪತ್ತರ ಆಸುಪಾಸು. ಹಳೇ ಬಿ.ಪಿ. ಹೊಸದಾಗಿ ನೀರು ಹೋಗೋ ಮಾತ್ರೆ ಒಂದು ಸೇರಿಸಿದ್ದರು. ಮೂತ್ರ ಹೆಚ್ಚು ಮಾಡಿ ಬಿ.ಪಿ. ಇಳಿಸೋ ಮಾತ್ರೆ. ಮೂತ್ರದ ಜೊತೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೋಗ್ತವೆ. ಬಿ.ಪಿ. ಅಂತ ಅತ್ತೆ ಉಪ್ಪು ಪೂರಾ ಬಿಟ್ಟರು. ಹಸಿವಿಲ್ಲ ಅಂತ ಊಟ ಅರ್ಧಕ್ಕೆ ಬಂತು. ಮೊಮ್ಮಗ ಮೊಬೈಲಲ್ಲಿ ತೋರಿಸಿದನಂತೆ, ದಿನಾ ಐದು ಲೀಟರು ನೀರು ಕುಡಿದರೆ ಕಾಯಿಲೆಯೆಲ್ಲ ತೊಳೆದು ಹೋಗ್ತದೆ ಅಂತ. ಅತ್ತೆ ಹಟದವರು, ಲೆಕ್ಕ ಇಟ್ಟು ಕುಡಿದರು. ಹದಿನೈದು ದಿನಕ್ಕೆ ತಲೆಸುತ್ತು, ಓಕರಿಕೆ. ಆಮೇಲೆ ಸೊಸೆಯನ್ನ ಯಾವಾಗಲೋ ಸತ್ತುಹೋದ ತಂಗಿ ಹೆಸರಿಡಿದು ಕರೆಯೋಕೆ ಶುರು ಮಾಡಿದರು. ನಡುರಾತ್ರಿ ಎದ್ದು ಕೊಟ್ಟಿಗೆ ಗುಡಿಸ್ತಿದ್ದರು. ಊರಲ್ಲಿ ಏನಂದಿರಬಹುದು ನೀವೇ ಹೇಳಿ. ಗಾಳಿ ಸೋಕಿದೆ ಅಂದರು. ತಾಯಿತ ಕಟ್ಟಿಸಿದರು. ಎರಡು ದಿನ ಅದರಲ್ಲೇ ಹೋಯಿತು. ಮೂರನೇ ದಿನ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸೋಡಿಯಂ 112.

ನಮಗೆ ಅರ್ಥ ಆಗಲಿ ಅಂತ ಅಲ್ಲಿನ ಡಾಕ್ಟರು ಕೇಳಿದರು, "ನೀವು ಡೈರಿಯವರಲ್ವಾ? ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಏನಾಗ್ತದೆ?" ಡಿಗ್ರಿ ಬೀಳ್ತದೆ ಸಾರ್ ಅಂದೆ. "ನಿಮ್ಮ ಅತ್ತೆ ರಕ್ತದ ಡಿಗ್ರಿ ಬಿದ್ದಿದೆ" ಅಂದರು. ಉಪ್ಪು ಮಾತ್ರೆಯಲ್ಲಿ ಹೋಯಿತು, ಊಟದಲ್ಲಿ ಬರಲಿಲ್ಲ, ಮೇಲಿಂದ ನೀರು ಸುರಿದರು. ತೆಳುವಾದ ರಕ್ತದಿಂದ ನೀರು ಮಿದುಳಿಗೆ ಸೇರಿ ಅದು ಊದಿಕೊಳ್ತದೆ, ಮಾತು ತಪ್ಪೋದು, ಫಿಟ್ಸ್ ಬರೋದು ಅದಕ್ಕೇ. ಅದನ್ನ ಸರಿಮಾಡೋಕೂ ದಿನಗಳು ಬೇಕು, ಒಂದೇ ಸಲಕ್ಕೆ ಏರಿಸಿದರೆ ಮಿದುಳಿಗೆ ಬೇರೆ ಪೆಟ್ಟು ಬೀಳ್ತದಂತೆ. ಅಲ್ಲೂ ನಮ್ಮ ಪಶುವೈದ್ಯರ ಬಾಟ್ಲಿಯ ಲೆಕ್ಕವೇ, ನಿಧಾನ. ಅತ್ತೆ ಈಗ ಚೆನ್ನಾಗಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಹೆಸರು ಹೇಳಬೇಡ ಅಂದಿದ್ದಾರೆ. ತಾಯಂದಿರೇ, ವಯಸ್ಸಾದವರು ನಾಲ್ಕು ದಿನದಲ್ಲಿ ಇದ್ದಕ್ಕಿದ್ದಂಗೆ ಮಾತು ತಪ್ಪಿ ಆಡಿದರೆ ಅದು ಗಾಳಿಯೂ ಅಲ್ಲ, ಅರಳುಮರಳೂ ಅಲ್ಲ ಅಂತ ಮೊದಲು ಅಂದುಕೊಳ್ಳಿ. ಶುಗರ್ ಕಡಿಮೆಯಾಗಿರಬಹುದು, ಸೋಡಿಯಂ ಬಿದ್ದಿರಬಹುದು, ಮೂತ್ರದ ಸೋಂಕಿರಬಹುದು, ಲಕ್ವವೂ ಇರಬಹುದು. ಹರಕೆ ಆಮೇಲೆ ತೀರಿಸೋಣ, ದೇವರು ಕಾಯ್ತಾನೆ, ಮಿದುಳು ಕಾಯೋದಿಲ್ಲ.

ಹಾಗಂತ ವಯಸ್ಸಾದವರು ನೀರು ಕುಡಿಯೋದು ಬಿಡಬೇಕು ಅಂತ ಅರ್ಥ ಮಾಡ್ಕೋಬೇಡಿ. ಹೆಚ್ಚು ಜನಕ್ಕೆ ಆಗೋ ತೊಂದರೆ ಉಲ್ಟಾ. ವಯಸ್ಸಾದಂತೆ ಬಾಯಾರಿಕೆ ಅನ್ನೋದೇ ಮಂದವಾಗ್ತದೆ. ರಾತ್ರಿ ಎದ್ದು ಹೊರಗೆ ಹೋಗಬೇಕಲ್ಲ ಅಂತ ನಮ್ಮ ಅಜ್ಜಿಯರು ಸಂಜೆ ಮೇಲೆ ನೀರೇ ಮುಟ್ಟೋದಿಲ್ಲ. ಶುಗರ್ ಏರಿದ್ದರೆ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳಕೊಂಡು ಹೋಗ್ತದೆ. ಮೂತ್ರ ಕಡು ಹಳದಿ, ನಾಲಿಗೆ ಒಣಗಿದೆ, ಎದ್ದು ನಿಂತರೆ ಕಣ್ಣು ಕತ್ತಲೆ ಅಂದರೆ ನೀರು ಸಾಲದು ಅಂತ ಲೆಕ್ಕ. ಹಾರ್ಟು ಕಿಡ್ನಿ ಗಟ್ಟಿಯಿದ್ದು ಹೊಲದಲ್ಲಿ ದುಡಿಯೋರಿಗೆ ಮಜ್ಜಿಗೆ, ರಾಗಿ ಅಂಬಲಿ, ನೀರು ಧಾರಾಳವಾಗಿ ಇರಲಿ. ಶುದ್ಧ ನೀರಿನ ಘಟಕದ ನೀರಲ್ಲಿ ಸತ್ವ ಇಲ್ಲ ಅಂತ ಕೆಲವರು ಬೋರ್‌ವೆಲ್ ನೀರಿಗೆ ವಾಪಸು ಹೋಗಿದ್ದಾರೆ. ನಮಗೆ ಬೇಕಾದ ಉಪ್ಪು ಬರೋದು ಮುಖ್ಯವಾಗಿ ಊಟದಿಂದ, ನೀರಿಂದಲ್ಲ. ನಮ್ಮ ಶಿರಾ, ಪಾವಗಡ ಸೀಮೆ ಬೋರ್‌ವೆಲ್‌ಗಳ ಫ್ಲೋರೈಡು ಹಲ್ಲು ಮೂಳೆಗೆ ಏನು ಮಾಡ್ತದೆ ಅಂತ ಊರೂರಲ್ಲೂ ನೋಡಿದ್ದೀವಿ.

ಹಾರ್ಟು ವೀಕು, ಕಾಲು ಊದಿಕೊಳ್ತದೆ, ಇಷ್ಟೇ ನೀರು ಕುಡೀರಿ ಅಂತ ಹೇಳಿಸಿಕೊಂಡವರಿಗೆ ಒಂದು ಉಪಾಯ. ಡಾಕ್ಟರು ಹೇಳಿದ ಅಳತೆ ನೀರನ್ನ ಬೆಳಿಗ್ಗೆ ಬಾಟ್ಲಿಗಳಲ್ಲಿ ತುಂಬಿಡಿ. ಕಾಫಿ ಕುಡಿದರೆ ಒಂದು ಲೋಟ ನೀರು ಅದರಿಂದ ತೆಗೆದುಬಿಡಿ. ಸಾರು, ಮಜ್ಜಿಗೆ, ಗಂಜಿ ಎಲ್ಲಾ ಲೆಕ್ಕಕ್ಕೆ ಬರ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ದಾಹವೇ ಅರ್ಧ ಕಡಿಮೆ. ಇನ್ನು ತೂಕ. ಒಂದು ಲೀಟರು ನೀರು ಒಂದು ಕೆ.ಜಿ. ತೂಗ್ತದೆ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿತು ಅಂದ್ರೆ ಮುದ್ದೆ ತಿಂದು ಬಂದ ಕೊಬ್ಬಲ್ಲ ಅದು, ಮೈಯಲ್ಲಿ ನಿಂತ ನೀರು. ಉಬ್ಬಸ ಬರೋತನಕ ಕಾಯದೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಇಂಥವರು ಪ್ರೈವೇಟ್ ಕ್ಲಿನಿಕ್ಕಿಗೆ ಹೋಗಿ ಸುಸ್ತಿಗೆ ಒಂದು ಗ್ಲೂಕೋಸ್ ಬಾಟ್ಲಿ ಹಾಕಿ ಅಂತ ಹಟ ಹಿಡಿಯಬಾರದು. ಆ ನೀರು ಶ್ವಾಸಕೋಶಕ್ಕೆ ಇಳಿದರೆ ಉಸಿರಿಗೇ ಸಂಚಕಾರ.

ಜ್ವರ, ವಾಂತಿ, ಭೇದಿ ಬಂದ ದಿನ ನಿಮ್ಮ ಮಾಮೂಲಿ ಮಾತ್ರೆಗಳ ಬಗ್ಗೆ ಅವತ್ತೇ ಫೋನು ಮಾಡಿ ಕೇಳಿ. ನೀರು ಹೋಗೋ ಮಾತ್ರೆ, ಪ್ರಿಲ್ ಅಂತ ಸಾರ್ಟನ್ ಅಂತ ಕೊನೆಯಾಗೋ ಬಿ.ಪಿ. ಮಾತ್ರೆ, ಮೆಟ್‌ಫಾರ್ಮಿನ್, ಗ್ಲಿಫ್ಲೋಜಿನ್ ಅಂತ ಕೊನೆಯಾಗೋ ಶುಗರ್ ಮಾತ್ರೆ, ಇವುಗಳಲ್ಲಿ ಕೆಲವನ್ನ ಆ ಎರಡು ಮೂರು ದಿನ ನಿಲ್ಲಿಸು ಅಂತ ಡಾಕ್ಟರು ಹೇಳಬಹುದು. ನೀವಾಗೇ ನಿಲ್ಲಿಸಬೇಡಿ. ಇನ್ಸುಲಿನ್ ತಗೊಳ್ಳೋರು ಊಟ ಮಾಡಿಲ್ಲ ಅಂತ ಪೂರಾ ಬಿಟ್ಟುಬಿಡ್ತಾರೆ, ಅದು ಇನ್ನೂ ಅಪಾಯ. ಅಳತೆ ಎಷ್ಟು ಅಂತ ಕೇಳಬೇಕು. ಮಂಡಿನೋವಿಗೆ ಅಂತ ಚೀಟಿ ಇಲ್ಲದೆ ತಗೊಳ್ಳೋ ನೋವಿನ ಮಾತ್ರೆ ಇದೆಯಲ್ಲ, ಡೈಕ್ಲೋಫೆನಾಕು ಐಬುಪ್ರೊಫೆನ್ನು, ಅದು ಬಿ.ಪಿ. ಮಾತ್ರೆ ಮತ್ತು ನೀರು ಹೋಗೋ ಮಾತ್ರೆ ಜೊತೆ ಸೇರಿದರೆ ಕಿಡ್ನಿಯನ್ನ ದಿನಗಳಲ್ಲೇ ಕೆಡಿಸಬಲ್ಲದು. ಅದರಲ್ಲೂ ಮೈಯಲ್ಲಿ ನೀರು ಕಡಿಮೆ ಇರುವಾಗ.

ಕೊನೆಯದಾಗಿ ಆಡಳಿತ ಮಂಡಳಿಯ ಮುಂದೆ ಎರಡು ಸಲಹೆ. ಒಂದು, ನಮ್ಮ ಡೈರಿಯಲ್ಲಿ ಹಾಲು ತೂಗೋ ಯಂತ್ರ ಇದೆ, ಮನುಷ್ಯರನ್ನ ತೂಗೋ ಯಂತ್ರ ಇಲ್ಲ. ಒಂದು ತಂದಿಡೋಣ. ಬೆಳಿಗ್ಗೆ ಹಾಲು ಹಾಕೋಕೆ ಬಂದ ಹಾರ್ಟು, ಕಿಡ್ನಿ ಕಾಯಿಲೆಯವರು ಹತ್ತಿ ನಿಂತು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರಕೊಳ್ಳಲಿ. ಎರಡು, ಖನಿಜ ಮಿಶ್ರಣದ ಪೊಟ್ಟಣ ಇಡೋ ಬೀರುವಿನಲ್ಲೇ ಒಂದು ಗೂಡು ಓ.ಆರ್.ಎಸ್. ಪೊಟ್ಟಣಕ್ಕೆ ಇರಲಿ. ರಾತ್ರಿ ಹೊತ್ತು ಭೇದಿ ಶುರುವಾದರೆ ಕಾರ್ಯದರ್ಶಿಗಳ ಮನೆ ಹತ್ತಿರ ಇದೆ, ಆಸ್ಪತ್ರೆ ಏಳು ಕಿಲೋಮೀಟರು. ಕಾರ್ಯದರ್ಶಿಗಳು ತಲೆ ಆಡಿಸ್ತಾ ಇದ್ದಾರೆ, ಒಪ್ಪಿದ ಹಾಗೇ ಅಂತ ನಡಾವಳಿಯಲ್ಲಿ ಬರೆದುಕೊಳ್ಳಿ.

ಈಗ ಶಾಲೆಯ ಜಗುಲಿಯಲ್ಲಿ ಬಿ.ಪಿ., ಶುಗರ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಇದೆ. ಸಾಲಿಗೆ ನಿಲ್ಲುವ ಮುಂಚೆ ಮನೆಗೆ ಹೋಗಿ ನೀವು ನುಂಗೋ ಮಾತ್ರೆಗಳ ಖಾಲಿ ಹಾಳೆಗಳೂ ಸೇರಿದ ಹಾಗೆ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ತನ್ನಿ, ಮಂಡಿನೋವಿನದ್ದೂ ಸೇರಿಸಿ. ಡಾಕ್ಟರು ಎಲ್ಲವನ್ನೂ ಒಟ್ಟಿಗೆ ನೋಡ್ತೀನಿ ಅಂತ ಒಪ್ಪಿದ್ದಾರೆ, ಸಂಜೆ ಹಾಲಿನ ಹೊತ್ತಿನವರೆಗೂ ಇರ್ತಾರೆ.